ಕೆರೆ ಕಳೆದವನು

ಈನಕ್ ಅಗೆದದ್ದು ಹೆಚ್ಚೆಂದರೆ ಒಂದು ಮೊಳ ಉದ್ದ, ಒಂದು ಗೇಣು ಆಳ. ಹಿಂದಿನ ಸಂಜೆ ಅತ್ತೆಯ ಬಲೆ ಹಾಕಿ ಹೊರಟಾಗ ಕೆರೆಯ ದಂಡೆಯಲ್ಲಿ ಅವನ ನಾಲ್ಕು ಚಕ್ರದ ಬೈಕು ಹೂತುಕೊಂಡಿತ್ತು. ಚಕ್ರದ ಮುಂದಿನ ಕೆಸರನ್ನು ಸಲಿಕೆಯಿಂದ ಒಂದಿಷ್ಟು ಸರಿಸಿ, ಬೈಕನ್ನು ಎಳೆದುಕೊಂಡು ಮನೆಗೆ ಬಂದು ಮಲಗಿದ್ದ. ಬೆಳಿಗ್ಗೆ ಅತ್ತೆ ಉನಾಲೀನಾಳನ್ನು ಹಿಂದೆ ಕೂರಿಸಿಕೊಂಡು ಬಲೆ ತೆಗೆಯಲು ಹೋದರೆ, ಬಲೆ ಇತ್ತು, ಬಲೆಯ ಗೂಟಗಳಿದ್ದವು, ಕೆರೆ ಇರಲಿಲ್ಲ.

ಉತ್ತರ ಧ್ರುವದಂಚಿನ ಆ ಊರಿನಷ್ಟೇ ದೊಡ್ಡ ಕೆರೆ. ಅದರ ಜಾಗದಲ್ಲಿ ತೊಳೆಯದ ಬಾಣಲೆಯಂಥ ಕಪ್ಪು ಗುಂಡಿಯೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಬೈಕು ಹೂತಿದ್ದ ಜಾಗದಲ್ಲೇ ದಂಡೆ ಒಡೆದು, ಎರಡಾಳು ಆಳದ ಕೊರಕಲಾಗಿ, ನೀರೆಲ್ಲ ಸಮುದ್ರ ಸೇರಿತ್ತು.

ಉನಾಲೀನಾ ಬೈಕಿನಿಂದ ಇಳಿದು ಗುಂಡಿಯ ಅಂಚಿನವರೆಗೆ ಹೋಗಿ ಬಗ್ಗಿ ನೋಡಿದಳು. ಆ ಕೆರೆಯ ಮೀನು ಒಣಗಿಸಿಟ್ಟುಕೊಂಡೇ ಅವಳ ಏಳು ಮಕ್ಕಳು ಚಳಿಗಾಲಗಳನ್ನು ದಾಟಿದ್ದವು. ಆಮೇಲೆ ಕೇಳಿದಳು: "ನಿನ್ನೆ ಇಲ್ಲಿ ಏನು ಮಾಡ್ದೆ?"

"ಏನೂ ಇಲ್ಲ ಅತ್ತೆ. ಬೈಕು ಸಿಕ್ಕಾಕೊಂಡಿತ್ತು. ಸ್ವಲ್ಪ ಅಗೆದೆ."

ಅವಳು ಜಾಕೆಟಿನಿಂದ ವೈರ್‌ಲೆಸ್ ಹೊರತೆಗೆದಳು. ಊರಿನ ಪ್ರತಿ ಅಡುಗೆಮನೆಯಲ್ಲೂ ಅಂಥದ್ದೊಂದು ಇಡೀ ದಿನ ಬಾಯಿ ತೆರೆದುಕೊಂಡೇ ಇರುತ್ತದೆ. "ನಮ್ಮ ಅಳಿಯ ಕೆರೆ ಒಡೆದಿದಾನೆ," ಎಂದಳು. "ಮೀನೆಲ್ಲ ಕೆಸರಲ್ಲಿ ಬಿದ್ದಿದೆ. ಚೀಲ ತಗೊಂಡು ಬನ್ನಿ."

ಅರ್ಧ ಗಂಟೆಯಲ್ಲಿ ಇಡೀ ಊರು ಅಲ್ಲಿತ್ತು. ಎಲ್ಲರಿಗಿಂತ ಮೊದಲು ಬಂದವನು ಪಕ್ಕದ ಮನೆಯ ಫೀಲಿಕ್ಸ್. "ಎಲ್ಲಿಟ್ಟೆಯೋ ಮಾರಾಯ ಕೆರೆನ? ಜೇಬು ನೋಡ್ಕೊಂಡ್ಯಾ?"

"ಒಂದೇ ಮೊಳ ಅಗೆದಿದ್ದು ಕಣೋ."

"ಇನ್ನೊಂದು ಮೊಳ ಅಗೆದಿದ್ರೆ ಸಮುದ್ರಾನೂ ಖಾಲಿ ಮಾಡ್ತಿದ್ದೆ ಬಿಡು."

ತಪ್ಪನ್ನು ಕೊಂಚ ತೊಳೆದುಕೊಳ್ಳೋಣವೆಂದು ಈನಕ್ ಎಲ್ಲರಿಗಿಂತ ಮುಂದಕ್ಕೆ, ದೊಡ್ಡ ಮೀನುಗಳು ಬಿದ್ದಿದ್ದ ಕಡೆಗೆ ಹೋದ. ಸೊಂಟದವರೆಗೆ ಹೂತುಹೋದ. ಮೀನು ಬಿಟ್ಟು ಅವನನ್ನು ಹಿಡಿಯಬೇಕಾಯಿತು. ಐದು ಜನ ಹಗ್ಗ ಹಾಕಿ ಎಳೆದಾಗ ಈನಕ್ ಬಂದ, ಬೂಟುಗಳು ಬರಲಿಲ್ಲ. ಅಷ್ಟರಲ್ಲಿ ಕೊಬ್ಬಿದ ಮೀನುಗಳನ್ನೆಲ್ಲ ಕಡಲಹಕ್ಕಿಗಳು ಹಂಚಿಕೊಂಡಿದ್ದವು. ಅದಕ್ಕೂ ಬೈಸಿಕೊಂಡ.

ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಪಂಚಾಯ್ತಿ ಕಚೇರಿಗೆ ಹೋದ. ಗುಮಾಸ್ತ ಲೀವೈ ಕಪಾಟೆಲ್ಲ ಹುಡುಕಿ, ಕೆರೆಗೆ ಹೊಂದುವ ಅರ್ಜಿ ಸಿಗದೆ, ವಸ್ತು ಕಳೆದುಹೋದ ಬಗೆಗಿನ ಅರ್ಜಿಯನ್ನೇ ಮುಂದಿಟ್ಟುಕೊಂಡ.

"ಕಳೆದ ವಸ್ತು, ಕೆರೆ. ಬಣ್ಣ?"

"ನೀರಿನ ಬಣ್ಣ."

"ಕೊನೇ ಸಲ ನೋಡಿದೋರು ಯಾರು?"

ಈನಕ್ ಬಗ್ಗಿ ಕಾಲಿನ ಚೀಲ ಸರಿಮಾಡಿಕೊಂಡ. ಲೀವೈ ತಾನೇ ಅವನ ಹೆಸರು ಬರೆದುಕೊಂಡ.

ನಾಲ್ಕು ಗಂಟೆಗೆ ಶಾಲೆಯ ಹಾಲ್‌ನಲ್ಲಿ ಸಭೆ ಸೇರಿತು. ಈನಕ್‌ನನ್ನು ಮುಂದಿನ ಸಾಲಿನಲ್ಲಿ, ಮಕ್ಕಳ ಕುರ್ಚಿಯೊಂದರಲ್ಲಿ ಕೂರಿಸಿದ್ದರು. ಮೊಣಕಾಲು ಗಲ್ಲಕ್ಕೆ ತಾಕುತ್ತಿತ್ತು. ಅವನಿಗೆ ಸಾಕಾಗಿತ್ತು. ಗಡೀಪಾರು ಮಾಡಿದರೂ ಸರಿ, ಬೇಗ ಮಾಡಿದರೆ ಹೋಗಿ ಮಲಗಬಹುದು ಎಂದುಕೊಂಡ.

ಆಗ ಹೆಲ್ಗಾ ಎದ್ದು ನಿಂತಳು. ದಕ್ಷಿಣದಿಂದ ಬಂದ ವಿಜ್ಞಾನಿ. ಮೂರು ಬೇಸಿಗೆಯಿಂದ ಊರಾಚೆ ಗುಡಾರ ಹಾಕಿಕೊಂಡು ನೆಲಕ್ಕೆ ತೂತು ಕೊರೆಯುತ್ತಿದ್ದಳು.

"ಇವರದೇನೂ ತಪ್ಪಿಲ್ಲ," ಎಂದಳು. "ಆ ದಂಡೆ ಒಳಗೆ ಇದ್ದಿದ್ದು ಬರೀ ಮಂಜುಗಡ್ಡೆ. ಮೂರು ವರ್ಷದಿಂದ ಕರಗ್ತಾ ಇದೆ. ಇವರು ಮುಟ್ಟದೇ ಇದ್ರೂ ಈ ವಾರದಲ್ಲಿ ಒಡೀತಿತ್ತು. ನನ್ನ ಹತ್ರ ಅಳತೆ ಇದೆ, ಫೋಟೋ ಇದೆ."

ಈನಕ್ ಅಂದು ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಒಗೆದು ಒಣಹಾಕಿದ ಅಂಗಿಯಷ್ಟು ಹಗುರವಾಗಿದ್ದ. ಹಿಂದೆ ತಿರುಗಿ ಫೀಲಿಕ್ಸ್‌ನ ಮುಖ ನೋಡಬೇಕೆಂದುಕೊಂಡ.

ಅತ್ತೆ ಕೇಳಿದಳು: "ಹಂಗಾದ್ರೆ ಬೇರೆ ಕೆರೆಗಳ ಗತಿ ಏನಮ್ಮ?"

ಹೆಲ್ಗಾ ಕೈಯಲ್ಲಿದ್ದ ಕಾಗದವನ್ನು ತಿರುವಿದಳು, ಮತ್ತೆ ತಿರುವಿದಳು. "ಇನ್ನೂ ಮೂರು ಕೆರೆ ದಂಡೆ ಹೀಗೇ ಕರಗ್ತಾ ಇದೆ ಅಜ್ಜಿ. ಕುಡಿಯೋ ನೀರಿನ ಕೆರೆನೂ ಅದ್ರಲ್ಲೊಂದು. ಯಾವಾಗ ಅಂತ ಹೇಳಕ್ಕಾಗಲ್ಲ. ನಿಲ್ಲಿಸಕ್ಕೂ ಆಗಲ್ಲ."

ಹಾಲ್ ತಣ್ಣಗಾಯಿತು. ಫೀಲಿಕ್ಸ್ ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಉನಾಲೀನಾಳ ಕೈಗಳು ತೊಡೆಯ ಮೇಲೆ ಒಂದನ್ನೊಂದು ಹುಡುಕಿ ಹಿಡಿದುಕೊಂಡವು. ಈನಕ್ ಎಲ್ಲರ ಮುಖ ನೋಡಿದ. ಇದಕ್ಕಿಂತ ಬೆಳಗಿನಿಂದ ತಿಂದ ಬೈಗುಳವೇ ವಾಸಿ ಎನಿಸಿತು. ಎದ್ದು ನಿಂತ; ಮಕ್ಕಳ ಕುರ್ಚಿಯೂ ಅವನಿಗೆ ಅಂಟಿಕೊಂಡೇ ಎದ್ದಿತು.

"ಒಂದು ಮೊಳ ಅಂದಿದ್ದು ಸುಳ್ಳು," ಎಂದ. "ಆರು ಮೊಳ ಅಗೆದೆ. ಮಂಜುಗಡ್ಡೆ ಸಿಕ್ತು. ಅದನ್ನೂ ಒಡೆದೆ."

"ಸಾಧ್ಯವೇ ಇಲ್ಲ, ನನ್ನ ಅಳತೆ..." ಎಂದಳು ಹೆಲ್ಗಾ.

"ಅಳತೆ ಇರಲಿ ಬಿಡಮ್ಮ," ಎಂದ ಫೀಲಿಕ್ಸ್. "ಮಾಡಿದೋನೇ ಒಪ್ಕೋತಿದಾನೆ."

ಇಡೀ ಹಾಲ್ ಉಸಿರು ಬಿಟ್ಟಿತು. ಚಹಾ ಬಂತು. ಮಾಡಿದವನು ಸಿಕ್ಕಿದ ಮೇಲೆ ಇನ್ನೇನು, ಉಳಿದ ಕೆರೆಗಳ ಹತ್ತಿರ ಇವನನ್ನು ಬಿಡದಿದ್ದರಾಯಿತು. ಲೀವೈ ಅದನ್ನು ಠರಾವಾಗಿ ಬರೆದುಕೊಂಡ. ಹೆಲ್ಗಾ ಒಬ್ಬೊಬ್ಬರ ಮುಖವನ್ನೂ ನೋಡಿ, ಕಾಗದ ಮಡಚಿ ಕೂತಳು.

ಈನಕ್ ಬಾಗಿಲ ಕಡೆಗೆ ಹೊರಟಿದ್ದ. ಫೀಲಿಕ್ಸ್ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದ: "ಏಪ್ರಿಲ್‌ನಲ್ಲಿ ನಾನು ಮಾಂಸ ಇಡೋ ಹಿಮದ ನೆಲಮಾಳಿಗೆಗೆ ನೀರು ನುಗ್ತಲ್ಲ, ಅದೂ..."

ಈನಕ್ ಅವನನ್ನು ನೋಡಿದ. ಫೀಲಿಕ್ಸ್ ನಗುತ್ತಿರಲಿಲ್ಲ. "ಹೂಂ," ಎಂದ ಈನಕ್. "ಮುಚ್ಚಳ ತೆಗೆದಿಟ್ಟು ಮರೆತಿದ್ದೆ."

"ಸ್ಮಶಾನದ ದಿಬ್ಬ ಕುಸೀತಲ್ಲ?" ಎಂದಳು ಇನ್ನೊಬ್ಬಳು.

"ಬೈಕು ಓಡಿಸಿದ್ದೆ."

"ನಮ್ಮನೆ ವಾಲಿರೋದು?"

"ಒರಗಿ ನಿಂತಿದ್ದೆ."

ಸಾಲು ಬೆಳೆಯಿತು. ಲೀವೈ ಇನ್ನೊಂದು ಹಾಳೆ ತೆಗೆದ. ಕೊನೆಯಲ್ಲಿ ಉನಾಲೀನಾ ಬಂದು ನಿಂತಳು. ಕೇಳಲೋ ಬೇಡವೋ ಎಂಬಂತೆ ಅಳಿಯನ ಅಂಗಿಯ ಮೇಲಿನ ಕೆಸರನ್ನು ಉಗುರಿನಿಂದ ಕೆರೆದಳು.

"ಎರಡು ವರ್ಷದಿಂದ ಹಿಮಸಾರಂಗ ಈ ಕಡೆ ಬಂದಿಲ್ಲ."

"ಅದೂ ನಾನೇ ಅತ್ತೆ."

ಅವಳ ಮುಖ ಸಡಿಲಾಯಿತು. "ಹಂಗಾದ್ರೆ ಈ ಸಲ ಬರ್ತವೆ," ಎಂದಳು. "ನೀನು ಮಾತ್ರ ಮನೇಲೇ ಇರು."