ಕೈರೋ ರೈಲಿಗೆ ಕಾದ ಅಜ್ಜ

ದಾರಿಗೆ ಅಡ್ಡ ಒಂದು ಮರದ ದಿಮ್ಮಿ ಇಟ್ಟು, ಪಕ್ಕದಲ್ಲಿ ಬಂದೂಕು ಹಿಡಿದವನನ್ನು ನಿಲ್ಲಿಸಿದರೆ ಸಾಕು, ನಗು ಬರುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ನಕ್ಕ ಮೇಲೆ ದೇವರ ದೀಪದ ಮುಂದೆ ಕೂರಲು ನಾಚಿಕೆಯಾಗುತ್ತದೆ, ಅದು ಬೇರೆ ಮಾತು.

ನಮ್ಮ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಗಾಜಾಕ್ಕೆ ಹೋಗಿದ್ದೆ, ನಮ್ಮ ದಂಡಿನ ದವಾಖಾನೆಯ ಕಾಂಪೌಂಡರ್ ಆಗಿ. ಅಲ್ಲಿಯವರು ಪ್ಯಾಲೆಸ್ತೀನಿಯರು, ಮನೆಮಠ ಕಳೆದುಕೊಂಡು ಬಂದವರೇ ಹೆಚ್ಚು. ಆಳುವುದು ಈಜಿಪ್ಟಿನ ಮಿಲಿಟರಿ. ಹೊರಗೆ ಕಾಲಿಡಬೇಕಾದರೆ ಪರ್ಮಿಟ್ ಬೇಕು. ಅದನ್ನು ಕೊಡುವ ಕಚೇರಿ ನಮ್ಮ ದವಾಖಾನೆಯ ಎದುರಿಗೇ ಇತ್ತು. ಅಲ್ಲಿಗೆ ಒಬ್ಬ ಅಜ್ಜ ದಿನಾ ಬರುತ್ತಿದ್ದರು. ಒಬ್ಬಳೇ ಮಗಳು ಕೈರೋದಲ್ಲಿ ಗಂಡನ ಮನೆಯಲ್ಲಿ ಎದೆಯ ಕಾಯಿಲೆಯಿಂದ ಮಲಗಿದ್ದಳು. ಅವಳನ್ನೊಮ್ಮೆ ನೋಡಬೇಕು, ಅಷ್ಟೇ ಅವರ ಆಸೆ. ಅಜ್ಜನಿಗೆ ನಮ್ಮ ಸಿಪಾಯಿಗಳ ಹಿಂದೂಸ್ತಾನಿ ಅರ್ಧ ಬರುತ್ತಿತ್ತು, ನನಗೆ ಅವರ ಅರಬ್ಬಿ ಕಾಲುಭಾಗ. ಸುಂಟಿಕೊಪ್ಪದ ಸಂತೆಯಲ್ಲಿ ಬೆಳೆದವನಿಗೆ ಅಷ್ಟು ಧಾರಾಳವಾಯಿತು.

ಮಂಡಿ ನೋವು

ಸಾಲಿನಲ್ಲಿ ನಿಂತು ನಿಂತು ಅಜ್ಜನ ಮಂಡಿ ಊದಿತು. ನಮ್ಮ ಡಾಕ್ಟರು ನೋಡಿ, ಸ್ವಲ್ಪ ದಿನ ನಿಲ್ಲಲೇಬಾರದು ಎಂದರು. ಅದನ್ನೇ ಚೀಟಿಯಲ್ಲಿ ಬರೆದುಕೊಡಿ ಎಂದು ಅಜ್ಜ ಕೇಳಿಕೊಂಡರು. ಚೀಟಿ ನೋಡಿದರೆ ಬೇಗ ಕರೆದಾರು ಎಂಬ ಆಸೆ.

ಬೇಗ ಕರೆದದ್ದೇನೋ ನಿಜ. ಚೀಟಿ ಓದಿದ ಗುಮಾಸ್ತ, ನಿಲ್ಲಲಾಗದವರು ಪ್ರಯಾಣ ಹೇಗೆ ಮಾಡುತ್ತೀರಿ, ವಾಸಿಯಾದ ಮೇಲೆ ಬನ್ನಿ ಎಂದು ಕಳಿಸಿಬಿಟ್ಟ. ಮರುದಿನ ನೋಡಿದರೆ ಅಜ್ಜ ಮಂಡಿಗೆ ಬಟ್ಟೆ ಬಿಗಿದುಕೊಂಡು ಸಾಲಿನ ತುದಿಯಲ್ಲಿದ್ದಾರೆ. ಇದೇನು ಅಜ್ಜ, ಎಂದೆ.

“ವಾಸಿಯಾಗಿದೆ ಎಂದು ತೋರಿಸಬೇಕಲ್ಲ ಮಗನೇ. ಅದಕ್ಕೇ ನಿಂತಿದ್ದೇನೆ.”

ಕುಶಾಲನಗರದ ಸುದ್ದಿ

ಅವರನ್ನು ನಗಿಸಲೆಂದು ಒಂದು ಸಂಜೆ ನಮ್ಮ ಊರಿನ ಮಾತು ತೆಗೆದೆ. ನಾವು ಕೊಡವರು, ನಮಗೆ ಬಂದೂಕಿಗೆ ಲೈಸೆನ್ಸ್ ಬೇಡ, ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ ಎಂದೆ. ಅಜ್ಜ ನಂಬಲಿಲ್ಲ. ನಮ್ಮ ದೇವರು ಇಗ್ಗುತಪ್ಪನ ಆಣೆ ಇಟ್ಟೆ. ಆಮೇಲೆ ಊರಿಂದ ಬಂದಿದ್ದ ಸುದ್ದಿ ಹೇಳಿದೆ. ಪಿರಿಯಾಪಟ್ಟಣದಲ್ಲಿದ್ದ ಅಕ್ಕ ಬಾಣಂತಿ. ಅವಳಿಗೆಂದು ಅಣ್ಣ ನಮ್ಮ ಗದ್ದೆಯ ಅಕ್ಕಿ ಕೊಂಡೊಯ್ಯುತ್ತಿದ್ದ, ಹೆಗಲಲ್ಲಿ ಬಂದೂಕು. ಕುಶಾಲನಗರದ ಸೇತುವೆಯ ಬಳಿ ತಪಾಸಣೆಯವರು ಬಂದೂಕನ್ನು ಮುಟ್ಟಿ ನೋಡಿ, ಭಾರಿ ಚೆನ್ನಾಗಿದೆ ಎಂದು ಮೆಚ್ಚಿದರು. ಅಕ್ಕಿ ಸಾಗಿಸಲು ಪರ್ಮಿಟ್ ಇಲ್ಲವೆಂದು ಮೂಟೆ ಇಳಿಸಿಕೊಂಡರು.

ಅಜ್ಜ ಬಹಳ ಹೊತ್ತು ನಕ್ಕರು.

“ನಿಮ್ಮವರಿಗೆ ಗುಂಡಿನ ಭಯವಿಲ್ಲ, ಅನ್ನದ ಭಯ. ನಮ್ಮಲ್ಲಿ ಮುದುಕರ ಮಂಡಿಯ ಭಯ.”

ಒಳ್ಳೆಯ ಸುದ್ದಿ

ಅರ್ಜಿ ಇನ್ನೇನು ಮಂಜೂರಾಗಬೇಕು, ಅಳಿಯನ ತಂತಿ ಬಂತು: ಮಗಳು ಚೇತರಿಸಿಕೊಂಡಿದ್ದಾಳೆ. ನಾನು ಕಾವೇರಮ್ಮನ ಪಟಕ್ಕೆ ಊದುಬತ್ತಿ ಹಚ್ಚಿದೆ. ಅಜ್ಜ ಸಂತೋಷ ತಡೆಯಲಾರದೆ ಸಾಲಿನವರಿಗೆಲ್ಲ ಹೇಳಿದರು, ಕೊನೆಗೆ ಗುಮಾಸ್ತನಿಗೂ ಹೇಳಿದರು. ಕಾಯಿಲೆ ಹೋದ ಮೇಲೆ ಕಾರಣವೂ ಹೋಯಿತು ಎಂದು ಅವನು ಅರ್ಜಿಯನ್ನು ವಜಾ ಮಾಡಿದ.

ನಮ್ಮ ಮೆಟ್ಟಿಲ ಮೇಲೆ ಬಂದು ಕುಳಿತ ಅಜ್ಜ ಆಕಾಶ ನೋಡಿದರು. “ದೇವರು ದೊಡ್ಡವನು, ಮಗನೇ. ಸ್ವಲ್ಪ ಆತುರದವನು.”

ಸ್ಟೇಷನ್ ಗೇಟಿನಲ್ಲಿ

ಕಾಯಿಲೆ ಮರುಕಳಿಸಿತು. ಅಜ್ಜ ಹೊಸ ಅರ್ಜಿ ಕೊಟ್ಟರು. ರಂಜಾನ್ ತಿಂಗಳಲ್ಲಿ ಪರ್ಮಿಟ್ ಕೈಗೆ ಬಂತು: ಕಾಯಿಲೆಯ ಮಗಳನ್ನು ನೋಡಿ ಬರಲು. ಹೊರಡುವ ಬೆಳಿಗ್ಗೆಯೇ ಇನ್ನೊಂದು ತಂತಿ. ಮಗಳು ತೀರಿಕೊಂಡಿದ್ದಳು, ಮಣ್ಣೂ ಆಗಿತ್ತು. ಗೋರಿಯ ಪಕ್ಕವಾದರೂ ಒಂದಿಷ್ಟು ಹೊತ್ತು ಕೂತು ಬರುತ್ತೇನೆ ಎಂದು ಅಜ್ಜ ಹೊರಟರು. ಗಂಟು ಹೊತ್ತು ನಾನೂ ಸ್ಟೇಷನ್ನಿಗೆ ಹೋದೆ.

ಏನೂ ಹೇಳಬೇಡಿ, ಸುಮ್ಮನೆ ಕಾಗದ ತೋರಿಸಿ ಎಂದು ಸಾಲಿನವರೆಲ್ಲ ಅಜ್ಜನಿಗೆ ಬುದ್ಧಿ ಹೇಳಿದರು. ಗೇಟಿನ ಕಾವಲುಗಾರ ಚಿಕ್ಕ ವಯಸ್ಸಿನವ. ಸಾವಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ಕಾಗದ ನೋಡಿ, ಕಾಯಿಲೆಯ ಮಗಳನ್ನು ನೋಡಲು ಅಲ್ಲವೇ ಎಂದು ಮೆಲ್ಲಗೆ ಕೇಳಿದ. ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಉಪವಾಸದ ಬಾಯಿ. ಅಜ್ಜ ಸುಳ್ಳಾಡುವವರಲ್ಲ.

“ಇಲ್ಲಪ್ಪ, ನನ್ನ ಮಗಳು ತೀರಿಕೊಂಡಳು.”

ಇಡೀ ಸಾಲಿಗೆ ಕೇಳಿಸಿತು. ಕಾವಲುಗಾರನಿಗೆ ಮಾತ್ರ ಕೇಳಿಸಲಿಲ್ಲ. ಅವನು ರೈಲಿನ ಕಡೆ ನೋಡುತ್ತಾ, “ನನಗೇನೂ ಕೇಳಿಸುತ್ತಿಲ್ಲ ಅಜ್ಜ. ಹೋಗಿ, ಹತ್ತಿಕೊಳ್ಳಿ” ಎಂದ.

ಅಜ್ಜ ಹತ್ತಿರ ಸರಿದರು, ಅವನ ಕಿವಿಗೆ ಬಾಯಿಟ್ಟು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಆತ ಮತ್ತೆ ಕೇಳಿಸಲಿಲ್ಲವೆಂದು ತಲೆಯಾಡಿಸಿದ. ಮೂರನೆಯ ಸಲ ಅಜ್ಜ ಕೂಗಿದ್ದು ಒಳಗಿದ್ದ ಅಧಿಕಾರಿಗೆ ಕೇಳಿಸಿ, ಅವನು ಹೊರಗೆ ಬಂದ. ಈ ಪರ್ಮಿಟ್ ಕಾಯಿಲೆಯವರನ್ನು ನೋಡಲು ಮಾತ್ರ, ಗೋರಿಗೆ ಬೇರೆ ಅರ್ಜಿ ಎಂದ. ರೈಲು ಹೋಯಿತು.

ಗಂಟು ಹೊತ್ತು ನಾನು ಹಿಂದೆ, ಅಜ್ಜ ಮುಂದೆ. ದಾರಿಯುದ್ದಕ್ಕೂ ಸ್ವಾಮಿ ಇಗ್ಗುತಪ್ಪಾ ಎಂದುಕೊಳ್ಳುತ್ತಾ ನಡೆದೆ. ದವಾಖಾನೆಯ ಹತ್ತಿರ ಬಂದಾಗ ಅಜ್ಜ ನಿಂತು ತಿರುಗಿದರು.

“ಆ ಕಾವಲಿನವನು ಒಳ್ಳೆಯವನು ಮಗನೇ. ಪಾಪ, ಈ ವಯಸ್ಸಿಗೇ ಕಿವಿ ಹೋಗಿದೆ. ನಿಮ್ಮ ಡಾಕ್ಟರಿಗೆ ಹೇಳಿ ಎರಡು ಹನಿ ಔಷಧಿ ಕೊಡಿಸು.”