ಕಿವಿಯ ಪಿಂಚಣಿ

ಈ ಕಾಲದ ಜನಕ್ಕೆ ಬಾಯಿಬಿಟ್ಟು ಮಾತಾಡುವುದೇ ಮರೆತುಹೋಗಿದೆ ಎಂಬುದು ಫಿರಂಗಿಯವರ ಬಹುಕಾಲದ ದೂರು. ಗಿರಾಕಿಗಳು ಗೊಣಗುತ್ತಾರೆ, ರೇಡಿಯೋದವರು ಪಿಸುಗುಟ್ಟುತ್ತಾರೆ, ಅಂಚೆಯವನಂತೂ ಬಾಗಿಲನ್ನು ಬೆಕ್ಕಿನ ಹಾಗೆ ಸವರಿ ಮನೆಯಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೋಗುತ್ತಾನೆ. ಇಷ್ಟೆಲ್ಲ ಜನರ ಗಂಟಲು ಒಟ್ಟಿಗೇ ಕೆಟ್ಟಿರುವುದು ಹೇಗೆ ಎಂದು ಅವರು ಆಶ್ಚರ್ಯಪಡುತ್ತಿದ್ದರೇ ಹೊರತು, ತಮ್ಮ ಕಿವಿಯ ಮೇಲೆ ಅವರಿಗೆ ಒಂದು ದಿನವೂ ಅನುಮಾನ ಬಂದದ್ದಿಲ್ಲ.

ಫಿರಂಗಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯೌವನದಲ್ಲಿ ಯುದ್ಧಕ್ಕೆ ಹೋಗಿ, ದೊಡ್ಡ ಫಿರಂಗಿಯೊಂದರ ಎಡಗಡೆ ನಿಂತು ಗುಂಡು ತುಂಬುವ ಕೆಲಸ ಮಾಡಿ ಬಂದವರೆಂದು ಬೀದಿಯವರು ಇಟ್ಟದ್ದು. ಫಿರಂಗಿ ಸೈನ್ಯದಲ್ಲೇ ಉಳಿಯಿತು, ಅದರ ಸದ್ದು ಮಾತ್ರ ಇವರ ಜೊತೆ ಊರಿಗೆ ಬಂತು. ಬಂದವರು ಸೈಕಲ್ ಅಂಗಡಿ ಇಟ್ಟರು. ಪಂಕ್ಚರ್ ಆದ ಟ್ಯೂಬನ್ನು ಬೇರೆ ಅಂಗಡಿಯವರು ಮೊದಲು ಕಿವಿಯ ಹತ್ತಿರ ಹಿಡಿದು ಗಾಳಿ ಎಲ್ಲಿ ಬುಸುಗುಡುತ್ತದೆ ಎಂದು ನೋಡುತ್ತಾರೆ. ಇವರು ಸೀದಾ ನೀರಿನ ಬೋಗುಣಿಗೆ ಅದ್ದುತ್ತಿದ್ದರು. ಅದೇ ಶಾಸ್ತ್ರೋಕ್ತ ವಿಧಾನ ಎಂದು ಅವರ ವಾದ.

ಮನೆಯಲ್ಲಿ ಹೆಂಡತಿ ಕೂಗಿ ಕೂಗಿ ಮಾತಾಡುತ್ತಿದ್ದಳು. ಮದುವೆಯಾಗಿ ಬಂದಾಗ ಅವಳದು ತೆಳ್ಳನೆಯ ದನಿ (ಹಾಗೆಂದು ಅವಳೇ ಹೇಳುತ್ತಾಳೆ, ಸಾಕ್ಷಿಗೆ ಯಾರೂ ಉಳಿದಿಲ್ಲ). ಈಗ ಅವಳು ‘ಊಟಕ್ಕೆ ಏಳಿ’ ಎಂದರೆ ಎದುರು ಮನೆಯವರೂ ಕೈ ತೊಳೆಯಲು ಏಳುತ್ತಿದ್ದರು. ಇವರ ಮನೆಯಲ್ಲಿ ಯಾವತ್ತು ಏನು ಸಾರು, ಯಾರಿಗೆ ಹೊಟ್ಟೆ ಸರಿಯಿಲ್ಲ, ಯಾವ ಬನಿಯನ್ ಹರಿದಿದೆ ಎಂಬುದೆಲ್ಲ ಬೀದಿಗೆ ಬಾಯಿಪಾಠ.

ಹೀಗಿರುವಾಗ ಒಂದು ಭಾನುವಾರ ಅಳಿಯ ಬಂದ. ಅವನು ಬಸ್ ಕಂಡಕ್ಟರ್. ಮುಂದೆ ಹೋಗಿ, ಮುಂದೆ ಹೋಗಿ ಎಂದು ವರ್ಷಗಟ್ಟಲೆ ಕೂಗಿದ ಗಂಟಲು. ಈ ಮನೆಯಲ್ಲಿ ಸ್ಪಷ್ಟವಾಗಿ ಮಾತಾಡಬಲ್ಲವನು ಅವನೊಬ್ಬನೇ ಎಂದು ಮಾವನಿಗೆ ಅಭಿಮಾನ. ಅವನು ತಂದ ಸುದ್ದಿಯೇನೆಂದರೆ, ಯುದ್ಧದಲ್ಲಿ ಕಿವಿ ಕಳೆದುಕೊಂಡ ಸೈನಿಕರಿಗೆ ಸರ್ಕಾರ ತಿಂಗಳು ತಿಂಗಳು ಸಹಾಯಧನ ಕೊಡುತ್ತದೆ, ಜೊತೆಗೆ ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನೂ ಪುಕ್ಕಟೆ ಕೊಡುತ್ತದೆ. ಒಂದು ಅರ್ಜಿ ಹಾಕಿದರೆ ಸಾಕು.

ಯಾರಿಗೆ ಕಿವಿ ಹೋಗಿದೆ ಎಂದು ಫಿರಂಗಿಯವರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲವೆನ್ನಿ.

ಆ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಆದರೆ ಆ ವಾರದಲ್ಲೇ ಒಂದು ಸಾಯಂಕಾಲ ಅವರು ಚಕ್ರವೊಂದನ್ನು ಭುಜಕ್ಕೆ ಹಾಕಿಕೊಂಡು ಅಂಗಡಿಯಿಂದ ಮನೆಗೆ ಬರುತ್ತಿದ್ದರು. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆಯುತ್ತಲೇ ಹಿಮ್ಮುಖವಾಗಿ ಬಂತು. ಬೀದಿಗೆ ಬೀದಿಯೇ ಕೂಗಿತು. ಇವರು ಆ ಚಕ್ರದ ಅಂಕುಡೊಂಕನ್ನು ಕುರಿತು ಯೋಚಿಸುತ್ತ, ರಾಜಗಾಂಭೀರ್ಯದಿಂದ ನಡುರಸ್ತೆಯಲ್ಲೇ ನಡೆದರು. ಹಣ್ಣಿನ ಗಾಡಿಯವನು ಓಡಿಬಂದು ಅಂಗಿ ಹಿಡಿದು ಪಕ್ಕಕ್ಕೆಳೆದ. ಅಂಗಿಯ ಗುಂಡಿ ಕಿತ್ತುಹೋಯಿತೆಂದು ಇವರು ಅವನ ಮೇಲೆಯೇ ರೇಗಿದರು. ತಿರುಗಿ ನೋಡಿದಾಗ ಮೊಣಕೈಯಷ್ಟು ದೂರದಲ್ಲಿ ಲಾರಿ ನಿಂತಿತ್ತು. ಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು.

ಮನೆಗೆ ಬಂದಾಗ ಅವಳು ಕೂಗಾಡಲಿಲ್ಲ. ಅದಕ್ಕೇ ಅವರಿಗೆ ಹೆದರಿಕೆಯಾದದ್ದು. ಅವಳು ಸುಮ್ಮನೆ ಬಂದು, ಕಿತ್ತ ಗುಂಡಿಯ ಜಾಗವನ್ನು ಬೆರಳಿನಿಂದ ಮುಟ್ಟಿ, ಎದುರಿಗೆ ಕೂತು, ನಾಳೆ ಅರ್ಜಿ ಹಾಕಬೇಕು ಎಂದಳು.

ಫಿರಂಗಿಯವರು ಚಕ್ರವನ್ನು ಗೋಡೆಗೆ ಒರಗಿಸಿದರು. ಆಮೇಲೆ, ಯುದ್ಧದ ಬಗ್ಗೆ ಎಂದೂ ಬಾಯಿಬಿಡದವರು ಬಾಯಿಬಿಟ್ಟರು.

“ಫಿರಂಗಿಯ ಬಲಗಡೆ ನಿಲ್ತಿದ್ದವನು ಜೀವವನ್ನೇ ಕೊಟ್ಟ ಕಣೇ. ಅವನೇನೂ ಅರ್ಜಿ ಹಾಕಲಿಲ್ಲ. ನಾನು ಎರಡು ಕಿವಿ ಹೋಯ್ತು ಅಂತ ಹೋಗಿ ಕೈ ಚಾಚಲಾ?”

“ಅವನಿಗೆ ಮದುವೆ ಆಗಿತ್ತಾ?”

“ಇಲ್ಲ.”

“ಮತ್ತೆ. ಅರ್ಜಿ ಹಾಕ್ಸೋಕೆ ಅವನಿಗೆ ಹೆಂಡತಿ ಇರ್ಲಿಲ್ಲ. ನಿಮಗಿದ್ದಾಳೆ.”

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ, ಹೊಸ ಗುಂಡಿ, ಹೆಂಡತಿಯ ಕೈಚೀಲದಲ್ಲಿ ಹಳೆಯ ಕಾಗದಪತ್ರ ಸಮೇತ ದಂಡಯಾತ್ರೆ ಹೊರಟಿತು.

ಕಚೇರಿಯಲ್ಲಿ ಗುಮಾಸ್ತನೊಬ್ಬ ಗಾಜಿನ ಹಿಂದೆ ಕೂತಿದ್ದ. ಗಾಜಿನಲ್ಲಿ ಒಂದು ಸಣ್ಣ ತೂತು. ಅದು ಕಾಗದ ತೂರಿಸಲು ಇಟ್ಟದ್ದೋ ಮಾತು ತೂರಿಸಲು ಇಟ್ಟದ್ದೋ ತಿಳಿಯದು. ಅವನು ಎರಡನ್ನೂ ಜಿಪುಣತನದಿಂದಲೇ ತೂರಿಸುತ್ತಿದ್ದ. ತಮಗೆ ಕಿವಿ ಕೇಳಿಸುವುದಿಲ್ಲವೆಂದು ಇಲ್ಲಿ ಬರೆದು ರುಜು ಹಾಕಬೇಕು ಎಂದ. ಫಿರಂಗಿಯವರು ತೂತಿಗೆ ಕಿವಿ ಹಚ್ಚಿ, ಏನು ಎಂದರು. ಅವನು ಮತ್ತೆ ಹೇಳಿದ. ಇವರು ಮತ್ತೆ ಏನು ಎಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಸೇರಿ, ಕಿವಿ ಕೇಳಿಸಲ್ಲ ಅಂತ ಬರೀಬೇಕಂತೆ ಎಂದು ಒಕ್ಕೊರಲಿನಿಂದ ಹಾಡಿದರು.

“ಕೇಳಿಸುತ್ತಪ್ಪಾ, ಚೆನ್ನಾಗಿ ಕೇಳಿಸುತ್ತೆ. ಆ ಗಾಜು ತೆಗೆದು ಮಾತಾಡು,” ಎಂದರು ಫಿರಂಗಿಯವರು.

ಗುಮಾಸ್ತ ಪೆನ್ನು ಕೆಳಗಿಟ್ಟ. ಚೆನ್ನಾಗಿ ಕೇಳಿಸುವವರಿಗೆ ಸಹಾಯಧನ ಇಲ್ಲ ಎಂದು ಕಾಗದ ವಾಪಸು ತೂರಿಸಿದ. ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿ, ಆ ತೂತಿನ ಮುಂದೆ ನಿಂತು, ತನ್ನ ಮನೆಯ ದನಿಯಲ್ಲಿ ನಾಲ್ಕು ಮಾತಾಡಿದಳು. ಗಾಜು ಅದುರಿತೋ ಇಲ್ಲವೋ, ಗುಮಾಸ್ತ ಅದುರಿದ. ಗಂಡನಿಗೆ ಕಿವಿ ಕೇಳಿಸುವುದಿಲ್ಲ ಎಂಬುದಕ್ಕೆ ಹೆಂಡತಿಯ ಗಂಟಲೇ ಸಾಕಷ್ಟು ಆಧಾರ ಎನ್ನಿಸಿರಬೇಕು, ಅರ್ಜಿ ತೆಗೆದುಕೊಂಡು ಮೊಹರು ಒತ್ತಿ, ಕಿವಿ ಪರೀಕ್ಷೆಗೆ ಒಂದು ದಿನ ಗೊತ್ತುಮಾಡಿಕೊಟ್ಟ.

ಪರೀಕ್ಷೆಯ ದಿನ ಬರುವವರೆಗೆ ಮನೆಯಲ್ಲಿ ಪಾಠ ನಡೆಯಿತು. ಗಂಡನ ಜಂಬ ಹೆಂಡತಿಗೆ ಗೊತ್ತಿಲ್ಲದ್ದಲ್ಲ. ಡಾಕ್ಟರರ ಮುಂದೆ ಎದೆಯುಬ್ಬಿಸಿ ಕೂತು ಎಲ್ಲ ಕೇಳಿಸುತ್ತದೆ ಎಂದುಬಿಟ್ಟರೆ? ಅದಕ್ಕೇ, ಅವರು ಕೇಳಿದ್ದು ಕೇಳಿಸದಿದ್ದರೆ ಕೇಳಿಸಲಿಲ್ಲ ಅಂತ ನಿಜ ಹೇಳಿ ಎಂದು ತಿದ್ದಿ ತಿದ್ದಿ ಹೇಳಿಕೊಟ್ಟಳು. ಕೇಳಿಸದೇ ಇದ್ದರೆ ಅವರು ಕೇಳಿದರೆಂದು ತನಗೆ ಗೊತ್ತಾಗುವುದು ಹೇಗೆ ಎಂದು ಫಿರಂಗಿಯವರು ಕೇಳಿದರು. ಈ ಪ್ರಶ್ನೆ ಕೇಳಿ ಅವಳು ತಲೆ ಚಚ್ಚಿಕೊಂಡಳು.

ಕಿವಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಆಚೆ ಕೂತಿದ್ದಳು. ಫಿರಂಗಿಯವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ಹೆಂಡತಿಗೆ ಕುರ್ಚಿ ಇರಲಿಲ್ಲವಾದ್ದರಿಂದ ಅವಳು ಡಾಕ್ಟರಮ್ಮನ ಬೆನ್ನ ಹಿಂದೆ, ಗೋಡೆಗೊರಗಿ, ಕೈಚೀಲ ಅಪ್ಪಿಕೊಂಡು ನಿಂತಳು.

ಡಾಕ್ಟರಮ್ಮ ಮೆಲ್ಲನೆಯ ದನಿಯಲ್ಲಿ, ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದಳು. ಬ್ರೆಡ್ಡು, ಎಂದರು ಫಿರಂಗಿಯವರು ಥಟ್ಟನೆ. ಇನ್ನೂ ಮೆಲ್ಲಗೆ, ಎಷ್ಟು ಜನ ಮಕ್ಕಳು ಎಂದಳು. ಒಬ್ಬಳೇ ಮಗಳು, ಎಂದರು. ಉಸಿರಿನಷ್ಟೇ ದನಿಯಲ್ಲಿ, ಇಲ್ಲಿಗೆ ಹೇಗೆ ಬಂದಿರಿ ಎಂದಳು. ಅಳಿಯನ ಬಸ್ಸಿನಲ್ಲಿ, ಅವನು ಟಿಕೆಟ್ ತೆಗೆಸದೆ ಬಿಡಲಿಲ್ಲ, ಒಳ್ಳೆಯ ಹುಡುಗ, ಎಂದು ವಿವರ ಸಮೇತ ಉತ್ತರ ಬಂತು. ಪಾಸಾಗುತ್ತಿದ್ದೇನೆಂದು ಫಿರಂಗಿಯವರ ಮುಖ ಅರಳುತ್ತಿತ್ತು. ಡಾಕ್ಟರಮ್ಮನ ಹುಬ್ಬು ಮೇಲೇರುತ್ತಿತ್ತು. ಅರ್ಜಿಯ ಮೇಲೆ ಏನೋ ಬರೆಯಲು ಪೆನ್ನು ಎತ್ತಿದವಳು, ಈ ಮುದುಕರು ತನ್ನ ಮುಖವನ್ನು ಒಂದು ಸಲವೂ ನೋಡಿಲ್ಲವಲ್ಲ ಎಂದು ಹೊಳೆದು, ಸರ್ರನೆ ಹಿಂತಿರುಗಿದಳು.

ಹಿಂದೆ ಹೆಂಡತಿಯ ತುಟಿಗಳು ಇನ್ನೂ ಸದ್ದಿಲ್ಲದೆ ಅಲುಗುತ್ತಿದ್ದವು.

“ಅಮ್ಮಾ, ನೀವೇನು ಮಾಡ್ತಿದ್ದೀರಿ?”

“ನಾನಾ? ನಾನೇನೂ ಮಾಡ್ಲಿಲ್ವಲ್ಲ,” ಎಂದಳು ಹೆಂಡತಿ.

ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮದುವೆಯಾದಂದಿನಿಂದ ಲೋಕ ಆಡಿದ ಮಾತನ್ನೆಲ್ಲ ತುಟಿಯಲ್ಲಿ ಹಿಡಿದು ಗಂಡನಿಗೆ ದಾಟಿಸಿ ದಾಟಿಸಿ, ಅದು ರೆಪ್ಪೆ ಬಡಿಯುವಷ್ಟೇ ಸಲೀಸಾಗಿಹೋಗಿತ್ತು. ಸಹಾಯಧನ ಬೇಕೆಂದು ಹಟ ಹಿಡಿದವಳೇ ಅದನ್ನು ತನ್ನ ಬಾಯಾರೆ ಕೆಡಿಸುತ್ತಿದ್ದಳು. ಡಾಕ್ಟರಮ್ಮ ಅವಳನ್ನು ಸ್ವಲ್ಪ ಹೊರಗೆ ಕೂತಿರಿ ಎಂದು ಕಳಿಸಿ ಬಾಗಿಲು ಹಾಕಿದಳು.

ಆಮೇಲೆ ಮೊದಲಿನ ಪ್ರಶ್ನೆಗಳನ್ನೇ ಕೇಳಿದಳು. ಫಿರಂಗಿಯವರು ಅವಳ ಮುಖದ ಮೇಲಿನ ಬಟ್ಟೆಯನ್ನು ನೋಡಿದರು. ಗೋಡೆಯನ್ನು ನೋಡಿದರು. ಅವಳು ದನಿ ಏರಿಸಿ ಕೇಳಿದಳು. ಅವರು ಬಾಗಿಲನ್ನು ನೋಡಿದರು. ಕೋಣೆಯಲ್ಲಿ ಇದ್ದಕ್ಕಿದ್ದಂತೆ ಯಾರೂ ಇಲ್ಲದ ಹಾಗಾಗಿತ್ತು. ಜಂಬದಿಂದ ಉಬ್ಬಿದ್ದ ಎದೆ ಮೆಲ್ಲನೆ ಇಳಿಯಿತು.

“ಅವಳನ್ನ ಕರೀರಮ್ಮ,” ಎಂದರು ಕೊನೆಗೆ. “ಅವಳಿದ್ರೆ ನನಗೆ ಕೇಳಿಸುತ್ತೆ.”

ಡಾಕ್ಟರಮ್ಮ ಮುಖದ ಬಟ್ಟೆ ಬಿಚ್ಚಿ, ಅವರಿಗೆ ಕಾಣುವ ಹಾಗೆ ತುಟಿ ಬಿಡಿಸಿ, ಕರೀತೀನಿ ತಾತ, ಮೊದಲು ಯಂತ್ರದ ಪರೀಕ್ಷೆ ಒಂದು ಆಗಲಿ ಎಂದಳು. ಯಂತ್ರದ ಮುಂದೆ ಜಂಬ ನಡೆಯಲಿಲ್ಲ. ಎರಡು ಕಿವಿಗಳೂ ಸರ್ಕಾರದ ನಿರೀಕ್ಷೆಗಿಂತ ಹೆಚ್ಚೇ ಹಾಳಾಗಿವೆ ಎಂದು ಸಾಬೀತಾಯಿತು. ಹೊರಗೆ ಬಂದಾಗ ಫಿರಂಗಿಯವರು ತಲೆ ತಗ್ಗಿಸಿ, ಫೇಲಾದೆ ಕಣೇ ಎಂದರು. ಹೆಂಡತಿ ದೇವರಿಗೆ ಕೈಮುಗಿದಳು.

ಸಹಾಯಧನ ಮಂಜೂರಾಯಿತು. ಅದಕ್ಕೂ ಮೊದಲೇ ಕಿವಿಯ ಯಂತ್ರ ಬಂತು. ಗೋಡಂಬಿಗಿಂತ ತುಸು ದೊಡ್ಡದು, ಕಿವಿಯ ಹಿಂದೆ ಕೂರಿಸುವಂಥದು. ಇದರಿಂದ ಏನಾಗುತ್ತದೆ ಎಂದು ಮೂಗು ಮುರಿದ ಫಿರಂಗಿಯವರು ಒಂದು ದಿನ ಬೆಳಿಗ್ಗೆ ಯಾರಿಗೂ ಹೇಳದೆ ಅದನ್ನು ಹಾಕಿಕೊಂಡು ನಡುಮನೆಯಲ್ಲಿ ಕೂತರು. ಮೊದಲು ಗಡಿಯಾರ ಕೇಳಿಸಿತು. ಆಮೇಲೆ ನಲ್ಲಿ ತೊಟ್ಟಿಕ್ಕುವುದು. ಆಮೇಲೆ ಅಡುಗೆಮನೆಯಿಂದ ಒಂದು ತೆಳ್ಳನೆಯ ದನಿ.

ಯಾರೋ ನೆಂಟರು ಬಂದಿದ್ದಾರೆಂದುಕೊಂಡು ಬಗ್ಗಿ ನೋಡಿದರು. ಯಾರೂ ಇಲ್ಲ. ಹೆಂಡತಿ ಇವರಿಗೆ ಬೆನ್ನು ಮಾಡಿ, ಒಲೆಯ ಮುಂದೆ ನಿಂತು, ಹಾಲಿನ ಪಾತ್ರೆಗೆ ಹೇಳುವಂತೆ ಮಾತಾಡುತ್ತಿದ್ದಳು. ರಾತ್ರಿಯೆಲ್ಲ ಮಂಡಿ ನೋವು ಎಂದಳು. ಮಗಳು ಸೊರಗಿಹೋಗಿದ್ದಾಳೆ ಎಂದಳು. ಈ ಮನುಷ್ಯ ಮತ್ತೆ ಟವಲನ್ನು ಹಾಸಿಗೆ ಮೇಲೇ ಬಿಸಾಡಿದ್ದಾರೆ ಎಂದಳು. ಅಲ್ಲಿಂದ ಶುರುವಾಗಿ ಗಂಡನ ಜಂಬ, ಮೊಂಡುತನ, ಗೊರಕೆ ಎಲ್ಲಕ್ಕೂ ಸಾವಕಾಶವಾಗಿ ಅರ್ಚನೆ ನಡೆಯಿತು. ಅವಳು ದಿನಾ ಬೆಳಿಗ್ಗೆ ಹೀಗೆ ಮಾತಾಡುತ್ತಾಳೆಂದು ಫಿರಂಗಿಯವರಿಗೆ ಇದುವರೆಗೆ ತಿಳಿದೇ ಇರಲಿಲ್ಲ. ಕೊನೆಯಲ್ಲಿ ಅವಳು ಚಮಚ ಆಡಿಸುವುದನ್ನು ನಿಲ್ಲಿಸಿ, “ಇರ್ಲಿ, ಫಿರಂಗಿಯ ಎಡಗಡೆ ನಿಲ್ಲಿಸಿದ್ದಕ್ಕೆ ಇಷ್ಟಾದ್ರೂ ಮನೆಗೆ ಬಂತಲ್ಲ,” ಎಂದಳು.

ಬಗ್ಗಿದ್ದ ಫಿರಂಗಿಯವರು ಮೆಲ್ಲನೆ ಹಿಂದಕ್ಕೆ ಒರಗಿದರು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಅವಳು, ಟೀಗೆ ಇವತ್ತಿಂದ ಅರ್ಧ ಚಮಚ ಸಕ್ಕರೆ ಸಾಕು, ಇವರಿಗೇನು ಗೊತ್ತಾಗುತ್ತೆ ಎಂದುಬಿಟ್ಟಳು.

“ಗೊತ್ತಾಗುತ್ತೆ,” ಎಂದರು ಫಿರಂಗಿಯವರು.

ಚಮಚ ಕೆಳಗೆ ಬಿತ್ತು. ಆ ಸದ್ದೂ ಅವರಿಗೆ ಚೆನ್ನಾಗಿ ಕೇಳಿಸಿತು.

ಅವತ್ತಿನಿಂದ ಅಡುಗೆಮನೆ ಮೌನವ್ರತ ಹಿಡಿಯಿತು. ಅವಳು ಏನು ಹೇಳುವುದಿದ್ದರೂ ಎದುರಿಗೆ ಬಂದು ಹೇಳುತ್ತಿದ್ದಳು, ಅದೂ ಹಳೆಯ ಅಭ್ಯಾಸದ ಮೇಲೆ ಕಿರುಚಿ. ಯಂತ್ರ ಕಿವಿಯೊಳಗೇ ಸಿಡಿಯುತ್ತದೆಯೋ ಎನ್ನಿಸುತ್ತಿತ್ತು. ಹೊರಗೆ ಲಾರಿ ಕೇಳಿಸಿತು, ಅಂಚೆಯವನು ಕೇಳಿಸಿದ, ಬೀದಿಯವರು ತಮ್ಮ ಬಗ್ಗೆ ಆಡಿಕೊಳ್ಳುವುದೂ ಕೇಳಿಸಿತು. ಆ ತೆಳ್ಳನೆಯ ದನಿ ಮಾತ್ರ ಕೇಳಿಸಲಿಲ್ಲ. ಸರ್ಕಾರ ಕಿವಿ ಕೊಟ್ಟು ಹೆಂಡತಿಯ ಮಾತು ಕಿತ್ತುಕೊಂಡಿತು ಎಂದು ಅಳಿಯನ ಹತ್ತಿರ ದೂರಿದರು. ಯಂತ್ರವನ್ನು ತೆಗೆದಿಟ್ಟರೆ ಅವಳು ಮತ್ತೆ ಮಾತಾಡಬಹುದು, ಆದರೆ ಆಗ ಇವರಿಗೆ ಕೇಳಿಸದು.

ಯೋಚಿಸಿ ಯೋಚಿಸಿ ಒಂದು ಯುದ್ಧತಂತ್ರ ಹೂಡಿದರು. ಯಂತ್ರ ಕೆಟ್ಟಿದೆ, ಪೆಟ್ಟಿಗೆಯಲ್ಲಿಟ್ಟಿದ್ದೇನೆ ಎಂದು ಸಾರಿದರು. ಮರುದಿನ ಬೆಳಿಗ್ಗೆ ಯಂತ್ರ ಹಾಕಿಕೊಂಡು, ಅದು ಕಾಣದಂತೆ ತಲೆಗೂ ಕಿವಿಗೂ ಸೇರಿಸಿ ದಪ್ಪನೆಯ ಉಣ್ಣೆಯ ಮಫ್ಲರ್ ಸುತ್ತಿ, ಪೇಪರು ಬಿಡಿಸಿ ಕೂತರು. ಕಡುಬೇಸಿಗೆ. ಫ್ಯಾನಿನಿಂದಲೂ ಬಿಸಿಗಾಳಿ. ಬೆವರು ಹಣೆಯಿಂದ ಹೊರಟು ಮೂಗಿನ ತುದಿಯಿಂದ ಪೇಪರಿನ ಮೇಲೆ ಇಳಿಯುತ್ತಿತ್ತು. ಅವರು ಅಲುಗದೆ ಕಾದರು.

ಒಲೆಯ ಮುಂದೆ, ಇವರಿಗೆ ಬೆನ್ನು ಮಾಡಿದಂತೆಯೇ, ಆ ತೆಳ್ಳನೆಯ ದನಿ ಎದ್ದಿತು. ಮಂಡಿ ನೋವು ಸ್ವಲ್ಪ ಕಡಿಮೆ ಎಂದಿತು. ಮಗಳು ಭಾನುವಾರ ಬರುತ್ತಾಳಂತೆ ಎಂದಿತು. ಫಿರಂಗಿಯವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, ಗೆದ್ದೆನೆಂದು ಸದ್ದಿಲ್ಲದೆ ನಕ್ಕರು.

“ಮತ್ತೆ,” ಎಂದಳು ಹೆಂಡತಿ, ಹಾಲಿನ ಪಾತ್ರೆಗೆ, ಅಷ್ಟೇ ಮೆಲ್ಲಗೆ, “ಮಫ್ಲರ್ ಸುತ್ತಿಕೊಂಡು ಕೂತಿರೋ ಮಹಾನುಭಾವರು ಕುರ್ಚಿ ಎತ್ತಿಕೊಂಡು ಒಳಗೇ ಬಂದು ಕೂತ್ಕೊಬಹುದು. ಅಲ್ಲಿ ಬೆಂದುಹೋಗಿಬಿಟ್ರೆ ಮುಂದಿನದನ್ನ ನಾನು ಯಾರಿಗೆ ಹೇಳಲಿ?”