ಹಾವುರಾಣಿಯ ಐದನೇ ಬೆರಳು

ಬದುಕಿಡೀ ಬೀಡಿ ಸುತ್ತಿದವಳಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ಸರಿಯಿಲ್ಲ ಎಂದು ಕಾಣುವ ರೋಗ. ನಾನು ಸುತ್ತಿದ ಬೀಡಿಗಳನ್ನು ಬೀಡಿ ಕಂಪೆನಿಯ ಬ್ರಾಂಚಿನ ಚೆಕ್ಕರ್ ಮೊಟಕು, ಸಡಿಲ ಎಂದು ಮೂಲೆಗೆ ಎಸೆಯುತ್ತಿದ್ದ. ನನ್ನ ಶಾಪಗಳಲ್ಲಿ ಒಂದಾದರೂ ತಾಗಿದ್ದರೆ ಅವನು ಇವತ್ತು ಶಿರ್ತಾಡಿ ಪೇಟೆಯಲ್ಲಿ ಅಷ್ಟು ಗುಂಡಗೆ ತಿರುಗಾಡುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ವಾಣಿ ಮೂಡುಬಿದಿರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಆಸ್ಟ್ರೇಲಿಯಾದ ಒಂದು ಸಣ್ಣ ಹಾವುರಾಣಿಯ ಬಗ್ಗೆ ಅವಳು ಸೆಮಿನಾರ್ ಕೊಡಬೇಕಿತ್ತು. ಹಿಂದಿನ ಸಲ ಬಾಯಿ ಕಟ್ಟಿ, ಅತ್ತುಕೊಂಡು ಕೆಳಗಿಳಿದಿದ್ದಳು. ಈ ಸಲವೂ ಹಾಗಾದರೆ ಫೇಲು. ಕೈಯಲ್ಲಿ ಅದರದ್ದೊಂದು ಮಣ್ಣಿನ ಬೊಂಬೆ ಇದ್ದರೆ ಮಾತು ಬರುತ್ತದೆ ಎಂದು ಅವಳ ನಂಬಿಕೆ.

"ಅಜ್ಜಿ, ಬಾಲ ಸೇರಿ ಒಂದು ಬೀಡಿಯಷ್ಟೇ ಉಂಟು. ನೀವೇ ಮಾಡಿಕೊಡಿ."

"ನಮ್ಮ ಅಂಗಳದಲ್ಲಿ ಬೇಕಾದಷ್ಟು ಉಂಟಲ್ಲ ಮಾರಾಯ್ತಿ! ಒಂದನ್ನು ಹಿಡಿದುಕೊಂಡು ಹೋಗು. ನಿನ್ನ ಸರ್‌ಗೆ ಎಂತ ಗೊತ್ತಾಗ್ತದೆ?"

"ಕಣ್ಣು ನೋಡಿದ್ರೆ ಗೊತ್ತಾಗ್ತದೆ."

ಆ ಆಸ್ಟ್ರೇಲಿಯಾದ್ದರ ಕೆಳರೆಪ್ಪೆ ಗಾಜಿನ ಹಾಗೆ ಕಣ್ಣಿಗೇ ಅಂಟಿಕೊಂಡಿದೆಯಂತೆ, ಮುಚ್ಚಲಿಕ್ಕೆ ಬರುವುದಿಲ್ಲ. ಕಿವಿ ಎಂದರೆ ಸೂಜಿ ಚುಚ್ಚಿದಷ್ಟು ತೂತು. ಹಿಂಗಾಲಿಗೆ ಐದು ಬೆರಳು, ಮುಂಗಾಲಿಗೆ ನಾಲ್ಕೇ. ತಲೆಯ ಮೇಲಿನ ಹುರುಪೆಗಳನ್ನೂ ಎಣಿಸಿ ಕುಲ ಹೇಳುವವರು ಇದ್ದಾರಂತೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ತಾಯಿಯ ಕಡೆಯ ಬಳಿ, ಅಂದರೆ ಕುಲ, ಯಾವುದೆಂದು ಕೇಳುತ್ತಾರೆ, ಹೇಳಿದ್ದನ್ನು ನಂಬಿ ಚಾ ಕುಡಿಯುತ್ತಾರೆ. ಬೆರಳು ಎಣಿಸುವಷ್ಟು ಸಂಶಯ ಯಾರಿಗೂ ಇಲ್ಲ.

ಅವಳು ಹೇಳಿದ ಹಾಗೆಯೇ ಮಾಡಿ ಬೀಡಿ ಎಲೆ ಇಡುವ ಗೆರಸೆಯಲ್ಲಿ ಒಣಗಲು ಇಟ್ಟೆ. ಆದರೆ ಸೆಮಿನಾರಿನ ಬೆಳಿಗ್ಗೆ ನೋಡುತ್ತೇನೆ, ನಾಲ್ಕೇ ಬೆರಳಿನ ಆ ಮುಂಗಾಲುಗಳು ಮೊಟಕು. ಚೆಕ್ಕರ್ ಕಂಡರೆ ಸೀದಾ ಮೂಲೆಗೆ. ವಾಣಿ ಸ್ನಾನಕ್ಕೆ ಹೋದಾಗ ಎರಡೂ ಕಾಲಿಗೆ ಒಂದೊಂದು ಬೆರಳು ಅಂಟಿಸಿಬಿಟ್ಟೆ. ಅವಳು ಬಸ್ಸಿನ ಗಡಿಬಿಡಿಯಲ್ಲಿ ನೋಡದೆ ಡಬ್ಬಿಗೆ ಹಾಕಿಕೊಂಡು ಓಡಿದಳು.

ಸಂಜೆ ಬಂದವಳ ಮುಖ ಕೆಂಪಗಿತ್ತು.

"ಎಂತ ಅಜ್ಜಿ ನೀವು! ಸರ್ ಭೂತಗನ್ನಡಿ ಹಿಡಿದು, ಐದು ಬೆರಳಿದ್ರೆ ಇದು ಬೇರೆ ಕುಲ, ನೀನು ಯಾವುದರ ಬಗ್ಗೆ ಹೇಳ್ತಾ ಇದ್ದೀ ಅಂತ ಕೇಳಿದ್ರು. ನನ್ನ ಬಾಯಿ ಕಟ್ಟಿಹೋಯ್ತು."

"ಮತ್ತೆ? ಪುನಃ ಅತ್ತೆಯಾ?"

"ಅಳುವಷ್ಟರಲ್ಲಿ ನಿಮ್ಮ ಮೇಲೆ ಸಿಟ್ಟು ಬಂತು. ಇದು ನಮ್ಮ ಅಜ್ಜಿಯ ಕೆಲಸ ಸರ್ ಅಂತ ಬೆರಳು ಮುರಿದೆ. ಬಾಲವೂ ಮುರಿಯಿತು. ಎಲ್ಲ ನಗಾಡಿದ್ರು. ಹೆದರಿದ್ರೆ ಬಾಲ ಬಿಟ್ಟು ಓಡುವ ಪ್ರಾಣಿ ಇದು, ಈಗ ಅದಕ್ಕೆ ನಮ್ಮ ಅಜ್ಜಿಯ ನೆನಪಾಗಿರ್ಬೇಕು ಅಂದೆ. ಮತ್ತೆ ಬೆಲ್ ಹೊಡೆಯುವವರೆಗೆ ಬಾಯಿ ನಿಲ್ಲಲಿಲ್ಲ. ಸರ್ ಪಾಸು ಮಾಡಿದ್ರು."

"ಹಾಗಾದ್ರೆ ನೀನು ಪಾಸಾದದ್ದು ನನ್ನಿಂದ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಮುಂದಿನ ಸಲದ್ದು ಕಾಲೇ ಇಲ್ಲದ ಹಾವುರಾಣಿ. ಸುಮ್ಮನೆ ಸುತ್ತಿ ಕೊಡಿ, ಸಾಕು."

ಸುತ್ತಿದ್ದೇನೆ. ಗೆರಸೆಯಲ್ಲಿ ಒಣಗುತ್ತಿದೆ. ಕಾಲಿಲ್ಲದೆ ಹೇಗಪ್ಪಾ ನಡೆಯುತ್ತದೆ ಎಂದು ಒಂದು ಚೂರು ಮಣ್ಣನ್ನು ಬೆರಳಲ್ಲಿ ಹೊಸೆಯುತ್ತ ಕೂತಿದ್ದೇನೆ. ಕಾವಲು ಕೂತ ವಾಣಿ ಎದುರಿನಿಂದ ಏಳುತ್ತಿಲ್ಲ. ಆ ಚೆಕ್ಕರನಿಗೂ ಹೀಗೇ ಕೈ ತುರಿಸುತ್ತಿತ್ತೋ ಏನೋ. ಹಾಗೆಂದು ಶಾಪ ಹಿಂದೆ ತೆಗೆದುಕೊಳ್ಳುವವಳು ನಾನಲ್ಲ. ಹೇಗೂ ಒಂದೂ ತಾಗಿಲ್ಲವಲ್ಲ.